ಬೆನ್ನು ನೋಡಿ ಹಾಡಿದವನು

ಊರಿಗೆಲ್ಲ ಅವನು ಬಿರಡೆ. ಗಿಟಾರಿನ ತಲೆಯಲ್ಲಿ ತಂತಿ ಬಿಗಿಯಲು ತಿರುಚುವ ಕೀಲಿಗಳಿರುತ್ತವಲ್ಲ, ಆ ಬಿರಡೆ. ಮೀಸೆ ಚಿಗುರುವ ವಯಸ್ಸಿಗೇ ಬ್ಯಾಂಡಿನ ಬೆನ್ನು ಹತ್ತಿದವನು. ವೇದಿಕೆಯ ನಡುವಿಗೆ ಬರಲಿಲ್ಲ, ವೇದಿಕೆ ಬಿಟ್ಟು ಹೋಗಲೂ ಇಲ್ಲ. ಸ್ಪೀಕರ್ ಪೆಟ್ಟಿಗೆಗಳ ಮರೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತವನು ತಲೆ ನೆರೆಯುವ ತನಕ ಅಲ್ಲೇ ಕೂತಿದ್ದ. ಒಂದು ಹಾಡು ಮುಗಿಯುವಷ್ಟರಲ್ಲಿ ಮುಂದಿನ ಹಾಡಿನ ಗಿಟಾರು ಶ್ರುತಿಯಾಗಿ ಕೈಗೆ ಸಿಗಬೇಕು, ಅದು ಅವನ ಕೆಲಸ. ಜನ ಕೇಳಿದರೆ ಅಷ್ಟೇ ಹೇಳುತ್ತಿದ್ದ.

ಇನ್ನೊಂದು ಕೆಲಸವಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಬ್ಯಾಂಡಿನ ಹಾಡುಗಾರನಿಗೆ ಹೆತ್ತವರಿಟ್ಟ ಹೆಸರು ಏನೋ ಇತ್ತು, ಜನ ಕರೆಯುತ್ತಿದ್ದದ್ದು ದೊರೆ ಎಂದೇ. ಬಿರಡೆಯೂ ದೊರೆಯೂ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು. ಆ ದೊರೆಗೆ ಗಂಟಲಿನ ಆಪರೇಷನ್ ಆಯಿತು. ಮಾತು ಬಂತು, ಕೆಳಗಿನ ಸ್ವರಗಳೂ ಬಂದವು, ಮೇಲಿನವು ಮಾತ್ರ ಹೋದವು ಹೋದವೇ. ಆಪರೇಷನ್ನಿನ ನಂತರದ ಮೊದಲ ಕಾರ್ಯಕ್ರಮದಲ್ಲಿ, ದನಿ ಏರಬೇಕಾದ ಕಡೆ ದೊರೆ ಬಾಯಿ ತೆರೆದು ನಿಂತ, ಸ್ವರ ಬರಲಿಲ್ಲ. ಮರೆಯಲ್ಲಿ ಕೂತ ಬಿರಡೆ, ಗಿಟಾರಿನ ಶ್ರುತಿ ನೋಡಲೆಂದು ಎದುರಿಗಿಟ್ಟುಕೊಂಡಿದ್ದ ಮೈಕಿಗೆ ಬಾಯಿಟ್ಟು ಆ ಸ್ವರ ಹಾಡಿಬಿಟ್ಟ. ಜನ ಶಿಳ್ಳೆ ಹೊಡೆದರು. ‘ಇವತ್ತೊಂದು ದಿನ ಕಾಪಾಡ್ದೆ ಕಣೋ’ ಎಂದು ದೊರೆ ತಬ್ಬಿಕೊಂಡ. ಆ ಒಂದು ದಿನ ಮುಗಿಯಲೇ ಇಲ್ಲ. ಆಮೇಲಿಂದ ಪ್ರತಿ ಊರಿನಲ್ಲೂ ಪ್ರತಿ ಹಾಡಿನ ಮೇಲಿನ ಸಾಲು ಬಿರಡೆಯದು, ಮುಖ ದೊರೆಯದು.

ಇದಕ್ಕೊಂದು ಪದ್ಧತಿಯನ್ನೂ ಕಂಡುಕೊಂಡಿದ್ದರು. ಬಿರಡೆ ಕೂರುವ ಜಾಗದಿಂದ ದೊರೆಯ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಉಸಿರು ಎಳೆದುಕೊಳ್ಳುವಾಗ ದೊರೆ ಭುಜ ಎತ್ತುತ್ತಾನೆ. ಭುಜ ಎದ್ದರೆ ಬಿರಡೆಯೂ ಉಸಿರು ತುಂಬಿಕೊಳ್ಳಬೇಕು, ಭುಜ ಇಳಿದರೆ ಹಾಡಬೇಕು. ಅದೇ ಹೊತ್ತಿಗೆ ಲೈಟಿನವನು ಬೆಳಕು ತಗ್ಗಿಸಿಬಿಡುತ್ತಾನೆ. ದೊರೆ ತಲೆ ಹಿಂದಕ್ಕೆ ಎಸೆದು ಮೈಕಿನಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಒಂದು ದಿನವೂ ತಪ್ಪಿದ್ದಿಲ್ಲ.

ಇಷ್ಟೆಲ್ಲ ಬಿರಡೆಯ ಮಗಳಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಗೊತ್ತಿರಬಾರದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದಿದೆ. ಶಾಲೆಯಲ್ಲಿ ಒಮ್ಮೆ ತಡೆಯಲಾರದೆ ಪಕ್ಕದಲ್ಲಿ ಕೂರುವ ಗೆಳತಿಗೆ ಹೇಳಿಬಿಟ್ಟಿದ್ದಳು. ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಿಮ್ಮಪ್ಪ ತಂತಿ ತಿರುಚೋರು ತಾನೇ? ನಮ್ಮಪ್ಪ ಬಸ್ ಓಡಿಸ್ತಾರೆ, ನಾನು ವಿಮಾನ ಅಂತೀನಾ?”

ಮನೆಯಲ್ಲಿ ಅಪ್ಪ ಹಾಡುತ್ತಿರಲಿಲ್ಲ. ಸ್ನಾನದ ಮನೆಯಲ್ಲೂ ಇಲ್ಲ, ಮಗಳನ್ನು ಮಲಗಿಸುವಾಗಲೂ ಇಲ್ಲ. ಗಂಟಲು ಕೆಟ್ಟರೆ ಕಾರ್ಯಕ್ರಮ ಕೆಡುತ್ತದಲ್ಲ! ಫ್ಯಾನ್ ಹಾಕುವಂತಿಲ್ಲ, ತಣ್ಣೀರು ಕುಡಿಯುವಂತಿಲ್ಲ, ಜಗಳಕ್ಕೂ ದನಿ ಏರಿಸುವಂತಿಲ್ಲ. ಬೇಕರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಅಮ್ಮನಿಗೆ ಇದೇ ಉರಿ. ಜಗಳದ ಮಧ್ಯೆ ಗಂಡ ಪಿಸುಮಾತಿಗೆ ಇಳಿದುಬಿಟ್ಟರೆ ಜಗಳ ಆಡುವುದಾದರೂ ಹೇಗೆ?

“ನಿಮ್ಮ ಗಂಟಲು ನಿಮ್ಮದಲ್ಲ ಕಣ್ರೀ,” ಎನ್ನುತ್ತಿದ್ದಳು ಅಮ್ಮ, ಹಿಟ್ಟು ಮೆತ್ತಿದ ಚಪ್ಪಲಿ ಕೊಡವುತ್ತಾ. “ಒಳಗೆ ಬಾಡಿಗೆದಾರ ಇದಾನೆ. ಖಾಲಿ ಮಾಡೋ ಲಕ್ಷಣ ಇಲ್ಲ.”

ಅಪ್ಪ ಕೊರಳಿನ ಮಫ್ಲರ್ ಸರಿ ಮಾಡಿಕೊಂಡು ನಗುತ್ತಿದ್ದ. ಆ ನಗುವೂ ಮೆಲ್ಲಗೆ.

ಅಂದರೆ ಅಪ್ಪನ ದನಿ ಜಗತ್ತಿನ ಯಾವ ಮೂಲೆಯಲ್ಲೂ ಉಳಿದಿರಲಿಲ್ಲ. ಬ್ಯಾಂಡಿನ ಆಲ್ಬಮ್ಮುಗಳೆಲ್ಲ ದೊರೆಯ ಆಪರೇಷನ್ನಿಗಿಂತ ಹಿಂದಿನವು. ಆಮೇಲೆ ಬರೀ ಕಾರ್ಯಕ್ರಮಗಳು. ಜನ ಫೋನಿನಲ್ಲಿ ಹಿಡಿದ ತುಣುಕುಗಳಲ್ಲಿ ಜನರದೇ ಕೂಗು. ಮಗಳಿಗೆ ಮದುವೆಯಾಗಿ, ಎರಡು ಬೀದಿ ಆಚೆ ಮನೆ ಮಾಡಿ, ಹೆಣ್ಣುಮಗು ಹುಟ್ಟಿತು. ಅಂದಿನಿಂದ ಅವಳಿಗೆ ಎಲ್ಲದಕ್ಕೂ ದಿಗಿಲು. ಮಗು ನಿದ್ದೆಯಲ್ಲಿ ಉಸಿರಾಡುತ್ತಿದೆಯೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವುದು, ಹಾಲಿನ ಬಾಟಲಿ ಕುದಿಸಿದ್ದನ್ನೇ ಮತ್ತೆ ಕುದಿಸುವುದು. ಅಪ್ಪ ಒಂದು ಸಲ ಕೆಮ್ಮಿದರೆ ಸಾಕು, ಅಪ್ಪನಿಗೆ ಏನಾದರೂ ಆಗಿಬಿಟ್ಟರೆ, ಈ ಮಗುವಿಗೆ ತಾತನ ದನಿ ಹೀಗಿತ್ತು ಎಂದು ಏನನ್ನು ತೋರಿಸಲಿ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಇಂಥ ಹೊತ್ತಿನಲ್ಲೇ ಅಪ್ಪ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಸುದ್ದಿ ಹೇಳಿದ್ದು. ಬ್ಯಾಂಡು ತಾನು ಹುಟ್ಟಿದ ಊರಿನಲ್ಲೇ ದೊಡ್ಡ ಕಾರ್ಯಕ್ರಮ ಕೊಡುತ್ತದಂತೆ. ವಿಡಿಯೋ ಕಂಪನಿಯೊಂದು ಅದನ್ನು ಎಚ್‌ಡಿ ಕ್ಯಾಮೆರಾಗಳಲ್ಲಿ ಹಿಡಿದು ಡಿಸ್ಕು ಮಾಡಿ ಮನೆಮನೆಗೆ ಮಾರುತ್ತದಂತೆ.

“ಹಣೆ ಮೇಲಿನ ಬೆವರೂ ಕಾಣುತ್ತಂತಮ್ಮ,” ಎಂದ ಅಪ್ಪ. ಮಗುವಿನ ಕೆನ್ನೆ ಮುಟ್ಟಿ, “ಈ ಸಲ ಉಳಿಯುತ್ತೆ,” ಎಂದ.

ಏನು ಉಳಿಯುತ್ತದೆ ಎಂದು ಅಪ್ಪ ಬಿಡಿಸಿ ಹೇಳಲಿಲ್ಲ. ಮಗಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಹೆಸರು ದೊರೆಯದೇ ಇರಲಿ, ದನಿಯಂತೂ ಅಪ್ಪನದು. ಮಗು ದೊಡ್ಡದಾದ ಮೇಲೆ ಟಿ.ವಿ. ಮುಂದೆ ಕೂರಿಸಿಕೊಂಡು ಕಿವಿಯಲ್ಲಿ ಹೇಳಿದರಾಯಿತು.

ಕಾರ್ಯಕ್ರಮಕ್ಕೆ ಅಮ್ಮ ಬರಲಿಲ್ಲ. “ಗಂಡನ ದನಿ ಕೇಳೋಕೆ ಇನ್ನೊಬ್ಬನ ಮುಖ ನೋಡ್ಬೇಕಾ? ನನ್ನ ಕೈಲಾಗಲ್ಲ ತಾಯಿ. ಮಗು ಕೊಡು, ನೀನು ಹೋಗು.” ಮಗಳು ಹಾಲು, ಬಟ್ಟೆ, ಜ್ವರದ ಔಷಧಿ ಎಲ್ಲ ಒಪ್ಪಿಸಿ, ಬಾಗಿಲವರೆಗೆ ಹೋಗಿ ಮತ್ತೆ ಬಂದು ಔಷಧಿ ಎಲ್ಲಿಟ್ಟೆನೆಂದು ಇನ್ನೊಮ್ಮೆ ಹೇಳಿದಳು. “ನಿನ್ನೂ ನಾನೇ ಸಾಕಿದ್ದು, ನೆನಪಿದೆಯಾ?” ಎಂದಳು ಅಮ್ಮ.

ಮುಚ್ಚಿಹೋದ ಗಿರಣಿಯ ಮೈದಾನ ತುಂಬಿ ತುಳುಕುತ್ತಿತ್ತು. ಮಗಳು ಅಪ್ಪನ ಕುರ್ಚಿಯ ಹಿಂದೆ, ವೈರುಗಳನ್ನು ತುಳಿಯದ ಹಾಗೆ ಗೋಡೆಗೊರಗಿ ನಿಂತಳು. ಅಂದು ವೇದಿಕೆಯ ಮೇಲೆ ಎಂದಿನ ಮಬ್ಬು ಇರಲಿಲ್ಲ. ಈ ಕ್ಯಾಮೆರಾಗಳಿಗೆ ಕತ್ತಲೆ ಆಗಿಬರುವುದಿಲ್ಲ, ಯಾವ ಹಾಡಿಗೂ ಬೆಳಕು ತಗ್ಗಿಸಬೇಡಿ ಎಂದು ಕಂಪನಿಯವರು ಕಟ್ಟಪ್ಪಣೆ ಮಾಡಿದ್ದರು. ‘ಮೈಕು ಬಾಯಿಗೆ ಅಡ್ಡ ಇಟ್ಕೋತೀನಿ ಬಿಡೋ, ಏನಾಗಲ್ಲ’ ಎಂದು ದೊರೆ ಅಪ್ಪನಿಗೆ ಧೈರ್ಯ ಹೇಳಿದ್ದ.

ಕೊನೆಯದು ಸೇತುವೆಯ ಹಾಡು. ಬ್ಯಾಂಡು ಹೆಸರು ಮಾಡಿದ್ದೇ ಅದರಿಂದ. ನದಿಯಾಚೆ ಉಳಿದುಹೋದವರನ್ನು ಕರೆಯುವ ಹಾಡು. ಕೊನೆಯಲ್ಲಿ ‘ಬಾ’ ಎಂಬ ಒಂದೇ ಅಕ್ಷರ ಮೆಟ್ಟಿಲು ಮೆಟ್ಟಿಲಾಗಿ ಏರಿ, ತುದಿಯಲ್ಲಿ ನಿಂತು, ನಿಂತಲ್ಲೇ ಕರಗಬೇಕು. ಮುಂದಿನ ಸಾಲಿನಲ್ಲಿ ದೊರೆಯ ಅಕ್ಕ ಕೂತಿದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು, ಈಗ ಗಾಲಿಕುರ್ಚಿಯಲ್ಲಿ. ಹಾಡು ಆ ‘ಬಾ’ಗೆ ಬರುವ ಹೊತ್ತಿಗೆ ಅಕ್ಕ ಎರಡೂ ಕೈ ಮುಂದೆ ಚಾಚಿದಳು.

ದೊರೆಯ ಭುಜ ಎದ್ದಿತು.

ಅಪ್ಪ ಉಸಿರು ತುಂಬಿಕೊಂಡ, ಕಣ್ಣು ಮುಚ್ಚಿದ, ಹಾಡಿದ. ಮಗಳು ಅಪ್ಪನ ಕುತ್ತಿಗೆಯ ನರಗಳನ್ನು ನೋಡುತ್ತಾ ನಿಂತಳು. ಇಷ್ಟು ವರ್ಷ ಕದ್ದು ಹಾಡಿದವನು ಅಂದು ಕದಿಯಲಿಲ್ಲ, ಬಿಟ್ಟುಕೊಟ್ಟ. ದನಿ ಗಿರಣಿಯ ಹೊಗೆಕೊಳವೆಗೆ ತಾಗಿ ವಾಪಸು ಬಂದ ಹಾಗಾಯಿತು. ಮೈದಾನಕ್ಕೆ ಮೈದಾನವೇ ಗಪ್‌ಚಿಪ್.

“ಬಂತು ಅಲ್ವಾ?” ಎಂದ ಅಪ್ಪ, ಅವಳ ಕಡೆ ತಿರುಗಿ. “ಹೀಗೆ ಯಾವತ್ತೂ ಬಂದಿರ್ಲಿಲ್ಲಮ್ಮ.”

ಕೆಲವು ವಾರದ ಮೇಲೆ ಸ್ಟುಡಿಯೋದಿಂದ ಫೋನು ಬಂತು. ಅಪ್ಪನಿಗೆ ಸೊಂಟ ಹಿಡಿದಿತ್ತು, ಅಮ್ಮ ಬೇಕರಿಯಲ್ಲಿ, ಮಗಳ ಗಂಡ ಡ್ಯೂಟಿಯಲ್ಲಿ. ಮಗುವನ್ನು ಎದೆಗೆ ಕಟ್ಟಿಕೊಂಡು ಮಗಳೇ ಜೊತೆಗೆ ಹೊರಟಳು. ಒಳಗೆ ಏಸಿ ಜೋರಾಗಿತ್ತು. ಮಗುವಿಗೆ ಎರಡು ಟೋಪಿ ಹಾಕಿದಳು.

ರೆಕಾರ್ಡಿಸ್ಟ್ ಹೆಂಗಸು ಕಪ್ಪು ಚೌಕಟ್ಟಿನ ಕನ್ನಡಕದವಳು, ಬ್ಯಾಂಡಿಗೆ ಹಳಬಳು. ಅವಳು ಮಗಳ ಕಿವಿಗೆ ಹೆಡ್‌ಫೋನ್ ಇಟ್ಟಳು. ಡ್ರಮ್ಮು, ಗಿಟಾರು, ಜನ ಎಲ್ಲವನ್ನೂ ತಗ್ಗಿಸಿ ಅಪ್ಪನ ಮೈಕು ಒಂದನ್ನೇ ಬಿಟ್ಟಿದ್ದಳು. ಮಡಚುವ ಕುರ್ಚಿಯ ಕಿರುಗುಟ್ಟು. ಅಪ್ಪ ಉಗುಳು ನುಂಗಿದ್ದು. ಆಮೇಲೆ ಆ ‘ಬಾ’. ಮಗಳು ಮಗುವಿನ ಟೋಪಿ ಸರಿಸಿ, ಹೆಡ್‌ಫೋನಿನ ಒಂದು ಬದಿಯನ್ನು ಅದರ ಕಿವಿಯ ಹತ್ತಿರ ತಂದು, ಸದ್ದು ಜಾಸ್ತಿಯಾದೀತೆಂದು ಹೆದರಿ ವಾಪಸು ತೆಗೆದಳು.

“ಚೆನ್ನಾಗಿದೆ ಅಲ್ಲ?” ಎಂದಳು ರೆಕಾರ್ಡಿಸ್ಟ್. “ಅದೇ ಕಷ್ಟ. ಈಗ ಚಿತ್ರ ನೋಡಿ.”

ಗೋಡೆಯಗಲದ ಪರದೆಯ ಮೇಲೆ ದೊರೆಯ ಮುಖ ಬಂತು. ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದಾದಷ್ಟು ಸ್ವಚ್ಛ. ಮೈದಾನದ ಜನರಿಗೆ ದೂರದಿಂದ ಗೊತ್ತಾಗದ್ದು ಇಲ್ಲಿ ಕಂಡಿತು. ಭುಜ ಎದ್ದಿತು. ಆದರೆ ಅದು ಉಸಿರಿಗೆ ಎದ್ದದ್ದಲ್ಲ. ಅಕ್ಕನ ಚಾಚಿದ ಕೈ ಕಂಡು ಬಿಕ್ಕಳಿಸಿ ಎದ್ದದ್ದು. ದೊರೆ ಮೈಕನ್ನು ಕೆಳಗಿಳಿಸಿಬಿಟ್ಟಿದ್ದ. ತುಟಿ ಅದುರಿತು, ಬಾಯಿ ಅರ್ಧ ತೆರೆದು ಮುಚ್ಚಿತು, ಗಲ್ಲದ ಮೇಲೆ ನೀರು ಹರಿಯಿತು. ಆ ಮುಚ್ಚಿದ ಬಾಯಿಯ ಮೇಲೆ ಅಪ್ಪನ ದನಿ ಆಕಾಶಕ್ಕೆ ಏರುತ್ತಲೇ ಹೋಯಿತು.

ಅಪ್ಪ ಪರದೆ ನೋಡುತ್ತಾ ಹಾಗೇ ನಿಂತ. ಅಷ್ಟೂ ವರ್ಷದಲ್ಲಿ ಆ ಹಾಡು ನಡೆಯುವಾಗ ದೊರೆಯ ಮುಖ ಹೇಗಿರುತ್ತದೆಂದು ಅವನು ನೋಡಿದ್ದು ಅದೇ ಮೊದಲು.

“ಅತ್ತಿದ್ದಾ?” ಎಂದ. “ನಾನು ಉಸಿರು ಅಂದ್ಕೊಂಡೆ.”

ಬಾಗಿಲ ಬಳಿಯಿಂದ ದೊರೆ ಒಳಗೆ ಬಂದ. ಬಣ್ಣ ಹಚ್ಚಿದ ಕೂದಲು, ಸ್ವೆಟರು, ಕೈಯಲ್ಲಿ ಅಪ್ಪನಂತೆಯೇ ಬಿಸಿನೀರಿನ ಫ್ಲಾಸ್ಕು. “ಲೋ ಬಿರಡೆ, ನಿನ್ನ ತಪ್ಪೇನಿಲ್ಲ ಕಣೋ. ಬೆನ್ನಿಗೆ ಕಣ್ಣೀರು ಬರಲ್ವಲ್ಲ.” ಪಕ್ಕದಲ್ಲಿ ಕೂತ. “ಆದ್ರೆ ನನ್ನ ಈ ಮುಖಕ್ಕೆ ನಿನ್ನ ಆ ಗಂಟಲು ಕೂರಲ್ಲ. ಡಿಸ್ಕು ನೋಡಿದ ಮಕ್ಕಳೂ ಹೇಳ್ತಾವೆ.”

“ದನಿ ತೆಗೆದುಬಿಡೋದಾದ್ರೆ...” ಅಪ್ಪನ ಮಾತು ಅರ್ಧಕ್ಕೇ ನಿಂತಿತು.

“ತೆಗೆದ್ರೆ ಖಾಲಿ. ದೊರೆಗೆ ಹಾಡೋಕಾಗ್ಲಿಲ್ಲ ಅಂತಾರೆ. ಹಾಡೋಕೆ ಹೋಗಿ ಅಳು ಬಂತು ಅನ್ನೋ ಹಾಗಿರ್ಬೇಕು.” ದೊರೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತ. “ನೀನೇ ಇನ್ನೊಂದು ಸಲ ಹಾಡು. ಶುರು ಮಾಡು, ಏರಬೇಕಾದ ಕಡೆ ಒಡಿ. ಕಿತ್ತು ಬರಬೇಕು.”

ಮಗಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ಬೇಕಂತಲೇ ಕೆಟ್ಟದಾಗಿ ಹಾಡಬೇಕಾ?”

“ಕೆಟ್ಟದಾಗಿ ಅಲ್ಲ ಮಗಳೇ, ನನ್ನ ಹಾಗೆ,” ಎಂದ ದೊರೆ. ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ.

“ದೊರೆ ಮಾಮ, ಇದೊಂದೇ ಅಲ್ವಾ ಅಪ್ಪಂದು ಅಂತ ಇರೋದು? ಹೆಸರು ಕೇಳ್ತಿಲ್ಲ. ಫೋಟೋ ಕೇಳ್ತಿಲ್ಲ. ಆ ಒಂದು ಸಾಲು ಹಾಗೇ ಬಿಡೋಕೆ ನಿಮಗೇನು?”

“ನನಗೇನಾ? ಇಪ್ಪತ್ತು ಜನರ ಮನೆ ಒಲೆ ಉರಿತಿರೋದು ಈ ಮುಖದಿಂದ. ನಿಮ್ಮಪ್ಪಂದೂ ಅದ್ರಲ್ಲಿ ಸೇರಿದೆ.” ದೊರೆಯ ದನಿ ಗಡುಸಾಯಿತು. ಕೂಡಲೇ ಇಳಿಯಿತು. “ಮಗು ಎಷ್ಟು ಮುದ್ದಾಗಿದೆ. ಯಾಕೆ ಎರಡು ಟೋಪಿ?”

ಅವಳು ರೆಕಾರ್ಡಿಸ್ಟ್ ಕಡೆ ತಿರುಗಿ, “ಹಳೇದರ ಒಂದು ಕಾಪಿ ಕೊಡಿ ಅಕ್ಕ. ಯಾರಿಗೂ ಕೇಳಿಸಲ್ಲ. ಆಣೆ,” ಎಂದಳು.

ರೆಕಾರ್ಡಿಸ್ಟ್ ಕನ್ನಡಕ ತೆಗೆದು ಒರೆಸತೊಡಗಿದಳು. “ಹಳೇದು ಇಟ್ಕೋಬಾರ್ದು ಅಂತ ಆಗಿದೆಯಮ್ಮ. ಹೊಸದು ಕೂರಿಸಿದ ತಕ್ಷಣ ಅಳಿಸ್ಬೇಕು. ಎಲ್ಲಾದ್ರೂ ಹೊರಗೆ ಬಂದ್ರೆ ನನ್ನ ಕೆಲಸ ಹೋಗುತ್ತೆ.”

“ಅಪ್ಪ, ಬೇಡ. ಆಗಲ್ಲ ಅನ್ನು. ಒಂದು ಸಲ ಆಗಲ್ಲ ಅನ್ನಪ್ಪ.”

ಅಪ್ಪ ಆಗಲೇ ಮಫ್ಲರ್ ಬಿಚ್ಚುತ್ತಿದ್ದ. “ಮೆತ್ತಗೆ ಮಾತಾಡಮ್ಮ,” ಎಂದ. “ಮಗು ಏಳುತ್ತೆ.”

ಗಾಜಿನ ಆಚೆ ಅಪ್ಪ ಮೈಕಿನ ಮುಂದೆ ನಿಂತ. ಮೊದಲ ಸಲ ಹಾಡಿದಾಗ ಎಲ್ಲೂ ಒಡೆಯಲಿಲ್ಲ. ಗಂಟಲಿಗೆ ಒಡೆಯುವುದು ಗೊತ್ತಿದ್ದರೆ ತಾನೇ? ಎರಡನೆಯ ಸಲ ಒಡೆದದ್ದು ನಾಟಕದ ಅಳುವಿನ ಹಾಗೆ ಕೇಳಿಸಿತು. “ಅಣ್ಣ, ಇನ್ನೂ ಸ್ವಲ್ಪ ಹಾಳಾಗಲಿ,” ಎನ್ನುತ್ತಿದ್ದಳು ರೆಕಾರ್ಡಿಸ್ಟ್, ತಲೆ ತಗ್ಗಿಸಿಕೊಂಡೇ. ಹಾಡಿ ಹಾಡಿ ಅಪ್ಪನ ಅಂಗಿಯ ಬೆನ್ನು ಒದ್ದೆಯಾಯಿತು. ಸೊಂಟ ಹಿಡಿದುಕೊಂಡು ನಿಂತುಬಿಟ್ಟ.

ಆಗ ದೊರೆ ಎದ್ದ. ಒಳಗೆ ಹೋಗಿ ಅಪ್ಪನ ಮುಂದೆ, ಅಪ್ಪನಿಗೆ ಬೆನ್ನು ಹಾಕಿ ನಿಂತ. ವೇದಿಕೆಯ ಮೇಲೆ ನಿಲ್ಲುವ ಹಾಗೆಯೇ. ಹಾಡು ಬಂತು. ಬಿಕ್ಕಳಿಕೆಗೆ ಎದ್ದಿತಲ್ಲ, ಹಾಗೆ ಭುಜ ಎತ್ತಿದ. ಅಪ್ಪ ಆ ಬೆನ್ನನ್ನು ನೋಡಿದ. ಬಾಯಿ ತೆರೆದ. ದನಿ ಅರ್ಧಕ್ಕೆ ಏರಿ, ಬಟ್ಟೆ ಹರಿದ ಹಾಗೆ ಹರಿಯಿತು.

“ಇದೇ,” ಎಂದಳು ರೆಕಾರ್ಡಿಸ್ಟ್. ಅವಳ ಬೆರಳು ಗುಂಡಿ ಒತ್ತಿತು. ಹಳೆಯದು ಅಳಿಯುವಾಗ ಯಾವ ಸದ್ದೂ ಆಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನೇ ಹೇಳಿದ. “ಅವನು ಎದುರಿಗೆ ನಿಂತ ನೋಡು, ಆಮೇಲೆ ಸಲೀಸಾಯ್ತು. ನನಗೆ ಅವನ ಬೆನ್ನಿಲ್ಲದೆ ಹಾಡೋಕೆ ಬರಲ್ಲ ಅಂತ ಕಾಣುತ್ತೆ.” ಇದನ್ನು ಅಪ್ಪ ದುಃಖದಿಂದ ಹೇಳಲಿಲ್ಲ, ಅಚ್ಚರಿಯಿಂದ ಹೇಳಿದ. ಅದಕ್ಕೇ ಅವಳಿಗೆ ಮೈ ಉರಿಯಿತು.

ಡಿಸ್ಕು ಬಂದ ಭಾನುವಾರ ಮಧ್ಯಾಹ್ನ ಅಪ್ಪ ಅಮ್ಮನ ಮನೆಗೆ ಕೆಳಮನೆ ಆಂಟಿ ತಮ್ಮ ಸಂಸಾರ ಸಮೇತ ಬಂದು ಕೂತರು. ಟಿ.ವಿ.ಯೂ ಅವರದೇ, ಹೊಸದು, ಮೇಲಕ್ಕೆ ಹೊತ್ತು ತಂದಿದ್ದರು. ಎಲ್ಲವೂ ಕಂಡಿತು. ದೊರೆಯ ಶೂ ದಾರ, ಡ್ರಮ್ಮಿನ ಮೇಲಿನ ಧೂಳು, ಅಕ್ಕನ ಕೈಯ ನರಗಳು. ಸ್ಪೀಕರ್ ಪೆಟ್ಟಿಗೆಯ ಅಂಚಿನಲ್ಲಿ ಅಪ್ಪನ ಮೊಣಕೈ ಒಮ್ಮೆ ಬಂದು ಹೋಯಿತು. “ಅಣ್ಣ, ಅದು ನೀವೇ ಅಲ್ವಾ?” ಎಂದು ಆಂಟಿ ಚಪ್ಪಾಳೆ ತಟ್ಟಿದರು. ಸೇತುವೆಯ ಹಾಡು ಬಂತು, ಭುಜ ಎದ್ದಿತು, ದನಿ ಹರಿಯಿತು. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆಹಾ, ಎಂಥಾ ಮನುಷ್ಯ! ಎದೆಯಿಂದ ಬಂದದ್ದು ರೀ. ಇಂಥದ್ದನ್ನ ಯಾರೂ ಹೇಳಿಕೊಡೋಕಾಗಲ್ಲ.”

“ಹೇಳಿಕೊಡಬಹುದು,” ಎಂದಳು ಅಮ್ಮ. “ಬೆಳಗ್ಗೆ ಹೋದ್ರೆ ಮಧ್ಯಾಹ್ನದ ಊಟಕ್ಕೆ ಕಲ್ತು ಬರಬಹುದು.” ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಒಂದರ ಮೇಲೊಂದು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಆಂಟಿಗೆ ಏನೂ ಅರ್ಥವಾಗಲಿಲ್ಲ. ಅಪ್ಪ ನಗುತ್ತಾ ರಿಮೋಟು ಒತ್ತಿ ಮುಂದಿನ ದೃಶ್ಯ ಹಾಕಿದ.

ಡಿಸ್ಕು ಬಿಸಿ ಬನ್ನಿನ ಹಾಗೆ ಖರ್ಚಾಯಿತು. ಆ ಒಡೆದ ‘ಬಾ’ ಎಲ್ಲರ ಬಾಯಲ್ಲಿ. ಮುಂದಿನ ಊರುಗಳಲ್ಲಿ ಜನ ಅದನ್ನೇ ಕೇಳತೊಡಗಿದರು. ದನಿ ಸರಿಯಾಗಿ ಏರಿದರೆ ಅವರಿಗೆ ಸಪ್ಪೆ. ಡಿಸ್ಕಿನಲ್ಲಿ ಇದ್ದ ಹಾಗೆ ಇಲ್ಲವೆಂದು ಗೊಣಗಾಟ. ಹಾಗಾಗಿ ದೊರೆ ಪ್ರತಿ ಕಾರ್ಯಕ್ರಮದಲ್ಲೂ ಬಿಕ್ಕಳಿಸುವವನಂತೆ ಭುಜ ಎತ್ತುತ್ತಿದ್ದ, ಅಪ್ಪ ಪ್ರತಿ ಕಾರ್ಯಕ್ರಮದಲ್ಲೂ ದನಿ ಹರಿದುಕೊಳ್ಳುತ್ತಿದ್ದ. ಒಂದು ವರ್ಷವಿಡೀ ಹೀಗೇ ನಡೆಯಿತು. ಲೈಟಿನವನು ಮತ್ತೆ ಬೆಳಕು ತಗ್ಗಿಸುವುದನ್ನು ಶುರು ಮಾಡಿದ್ದ. ಈಗ ಮರೆಮಾಚಬೇಕಾದದ್ದು ಕಣ್ಣೀರಿಲ್ಲದ ಕಣ್ಣು.

ಮಗು ನಡೆಯಲು ಕಲಿತಿತ್ತು. ಒಂದು ದಿನ ಅಪ್ಪ ಅದನ್ನು ಆಡಿಸಲು ಬಂದಾಗ ಮಗಳು ಕಿಟಕಿಗಳನ್ನೆಲ್ಲ ಮುಚ್ಚಿದಳು, ಫ್ರಿಜ್ಜಿನ ಗುಂಯ್‌ಗುಡುವಿಕೆ ಬೇಡವೆಂದು ಅದರ ಸ್ವಿಚ್ಚೂ ಆರಿಸಿದಳು. ಫೋನನ್ನು ಲೋಟಕ್ಕೆ ಆನಿಸಿ ಮೇಜಿನ ಮೇಲಿಟ್ಟಳು.

“ಅಪ್ಪ, ಇಲ್ಲಿ ಯಾರೂ ಇಲ್ಲ. ದೊರೆ ಮಾಮನ ಬೆನ್ನೂ ಇಲ್ಲ. ಅವತ್ತು ಮೈದಾನದಲ್ಲಿ ಹಾಡಿದ್ದನ್ನ ಒಂದೇ ಒಂದು ಸಲ ಹಾಡು. ನಿನ್ನ ಮೊಮ್ಮಗಳಿಗೆ.”

ಅಪ್ಪ ಬಹಳ ಹೊತ್ತು ಫೋನನ್ನು ನೋಡಿದ. ಮನೆಯಲ್ಲಿ ಹಾಡಬಾರದೆಂಬ ತನ್ನ ನಿಯಮವನ್ನು ಮುರಿಯಲು ಅವನಿಗೆ ಅಷ್ಟು ಹೊತ್ತು ಬೇಕಾಯಿತೇನೋ. ಬಿಸಿನೀರು ಕುಡಿದ, ಬೆನ್ನು ನೆಟ್ಟಗೆ ಮಾಡಿದ, ಕಣ್ಣು ಮುಚ್ಚಿದ. ಹಾಡಿನ ಮೊದಲ ಸಾಲುಗಳು ಹದವಾಗಿ ಬಂದವು. ‘ಬಾ’ ಎದ್ದಿತು, ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಆಮೇಲೆ, ಪ್ರತಿ ಕಾರ್ಯಕ್ರಮದಲ್ಲಿ ಹರಿಯುವ ಅದೇ ಜಾಗದಲ್ಲಿ, ಪಟ್ ಎಂದು ಹರಿಯಿತು.

ಅಪ್ಪ ಕಣ್ಣು ತೆರೆದ. “ತಡಿ, ಇನ್ನೊಂದು ಸಲ.”

ಮತ್ತೆ ಅಲ್ಲೇ ಹರಿಯಿತು. ಸ್ವರ ಎಟುಕದೆ ಅಲ್ಲ. ಗಂಟಲು ಆ ತಿರುವಿಗೆ ಬಂದ ಕೂಡಲೇ ತಾನಾಗಿಯೇ ಆ ದಾರಿ ಹಿಡಿಯುತ್ತಿತ್ತು. ಮೂರನೆಯ ಸಲ ಅಪ್ಪ ಕುತ್ತಿಗೆ ಹಿಡಿದುಕೊಂಡು, ಮುಖ ಕೆಂಪಾಗಿಸಿಕೊಂಡು ಹಾಡಿದ. ಹರಿದ ದನಿ ಕೇಳಿ ನೆಲದ ಮೇಲೆ ಕೂತಿದ್ದ ಮಗು ಕಿಲಕಿಲ ನಕ್ಕಿತು. ತಾತ ತನ್ನನ್ನು ನಗಿಸಲೆಂದೇ ಮಾಡುತ್ತಿದ್ದಾನೆಂದು ಅದು ಅಂದುಕೊಂಡಿತ್ತು.

“ಇನ್ನು ಹಂಗೇ ಬರೋದು ಬಿಡಮ್ಮ,” ಎಂದ ಅಪ್ಪ.

ಮಗು ಇನ್ನೊಮ್ಮೆ ಬೇಕೆಂದು ಕೈ ಬಡಿಯಿತು. ಅಪ್ಪ ಸೊಂಟ ಹಿಡಿದುಕೊಂಡು ಅದರ ಮುಂದೆ ನೆಲಕ್ಕೆ ಕೂತ. ‘ಬಾ’ ಎಂದು ಏರಿಸಿದ, ಹರಿದ. ಮಗು ನಕ್ಕಿತು. ಮತ್ತೆ ಏರಿಸಿದ, ಮತ್ತೆ ಹರಿದ. ಫೋನಿನಲ್ಲಿ ಕೆಂಪು ಚುಕ್ಕಿ ಉರಿಯುತ್ತಲೇ ಇತ್ತು. ನಿಲ್ಲಿಸಲೆಂದು ಮಗಳು ಕೈ ಮುಂದೆ ಮಾಡಿದಳು. ಇದನ್ನೂ ಬಿಟ್ಟರೆ ಏನೂ ಉಳಿಯುವುದಿಲ್ಲವಲ್ಲ ಎನಿಸಿ, ಕೈ ಹಿಂದಕ್ಕೆ ತೆಗೆದುಕೊಂಡಳು.